ಮಾರಿಸ್ ಕಾರಿನ ವಾಸನೆ

"ಏನ್ ಸಿದ್ದಯ್ಯ, ಸಾಹುಕಾರ ಆಗ್ಬಿಟ್ಟೆ! ಹಿಂದಿನ ಸೀಟು ಮೆತ್ತಗೈತಾ?"

ಶಿವಮೊಗ್ಗದ ತುಂಗಾ ಸೇತುವೆಯ ಈಚೆ ಎತ್ತಿನ ಗಾಡಿಗಳ ಸಾಲಿನ ಹಿಂದೆ ಕಾರು ನಿಂತಿತ್ತು. ಪಕ್ಕದಲ್ಲಿ ಬಂದು ನಿಂತ ಟಾಂಗಾದವನು ಕಿಟಕಿಯ ಗಾಜಿಗೆ ಮುಖ ಒತ್ತಿ ಕೇಳಿದ. ಸಿದ್ದಯ್ಯ ಕೇಳಿಸದವನ ಹಾಗೆ ಹೊಳೆಯ ಕಡೆ ನೋಡಿದ. ಮುಂದೆ ಸ್ಟೇರಿಂಗ್ ಹಿಡಿದಿದ್ದ ಜಯಶೀಲಾ ನಕ್ಕಳು. ಪಕ್ಕದಲ್ಲಿ ಕೂತಿದ್ದ ಅವಳ ಮಾವ ಷಡಕ್ಷರಪ್ಪನವರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೂ ಸಿದ್ದಯ್ಯ ಸೇತುವೆ ದಾಟುವವರೆಗೆ ಹೊಳೆಯಿಂದ ಮುಖ ತಿರುಗಿಸಲಿಲ್ಲ.

ಕುಂಸಿಯಿಂದ ಬಂದು ಷಡಕ್ಷರಪ್ಪನವರ ಅಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು ಸಿದ್ದಯ್ಯ. ಕಾಫಿ ತೋಟದ ಬಿಳಿಯನೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿದ ಈ ಮಾರಿಸ್ ಕಾರು ಮನೆಗೆ ಬಂದ ಮೇಲೆ ಅವನು ಡ್ರೈವರ್ ಆದ. ಕಾಗದದಲ್ಲಿ ಅದು ಷಡಕ್ಷರಪ್ಪನವರದು; ಅದರ ಕೆಮ್ಮು, ನೆಗಡಿ, ಜ್ವರವೆಲ್ಲ ಸಿದ್ದಯ್ಯನದು. ಭದ್ರಾವತಿಯ ಅಂಗಡಿಗೆ ಹೋಗುವ ದಿನ ಸಾಹುಕಾರರು ಅವನ ಪಕ್ಕದಲ್ಲೇ ಕೂತು, ಮನೆಯಲ್ಲಿ ಹೆಂಡತಿಗೂ ಹೇಳದ ಮಾತು ಆಡುತ್ತಿದ್ದರು. ಯಾರು ಕೈಕೊಟ್ಟರು, ಮಗ ಶಿವಯೋಗಪ್ಪನಿಗೆ ವ್ಯಾಪಾರ ಯಾಕೆ ಹತ್ತುವುದಿಲ್ಲ, ಎಲ್ಲ. ಕೊನೆಗೆ, "ನೀನೇನಂತೀಯೋ ಸಿದ್ದಯ್ಯ?" ಎಂದು ಕೇಳುತ್ತಿದ್ದರು. ಆ ಒಂದು ಮಾತು ಕೇಳುವವರೆಗೆ ಊರು ಬಾರದಿರಲಿ ಎಂದು ಅವನು ದಾರಿಯಲ್ಲಿನ ನಿದಿಗೆ ದಾಟಿದ ಮೇಲೆ ಕಾರನ್ನು ನಿಧಾನ ಮಾಡುತ್ತಿದ್ದುದೂ ಉಂಟು.

ಈಗ ಆ ಪ್ರಶ್ನೆ ಸೊಸೆಯ ಪಾಲಾಗಿತ್ತು. ಜಯಶೀಲಾ ಭದ್ರಾವತಿಯ ಹುಡುಗಿ. ತವರಿನಲ್ಲಿ ಅಣ್ಣನ ವ್ಯಾನು ಓಡಿಸಿ ಕಲಿತಿದ್ದಳು. ಮದುವೆಯಾಗಿ ನಾಲ್ಕು ವರ್ಷ ಆ ವಿಷಯ ಬಾಯಿಬಿಟ್ಟಿರಲಿಲ್ಲ. ಗಂಡ ಶಿವಯೋಗಪ್ಪನೋ ಸ್ಟೇರಿಂಗ್ ಮುಟ್ಟಲೇ ಹೆದರುತ್ತಿದ್ದ. ಒಂದು ದಿನ ಸಾಹುಕಾರರು ತಮಾಷೆಗೆ ಮಂಡಿಯ ಅಂಗಳದಲ್ಲಿ ಬೀಗದಕೈ ಕೊಟ್ಟು ನೋಡಿದರು. ದೀಪಾವಳಿಯ ಹೊತ್ತಿಗೆ ಅವಳು ಭದ್ರಾವತಿಗೇ ಓಡಿಸತೊಡಗಿದಳು. "ನೀನೂ ಬಾರೋ, ದಾರೀಲಿ ಕೆಟ್ರೆ ಬೇಕಾಗ್ತೀಯ" ಎಂದು ಸಿದ್ದಯ್ಯನನ್ನು ಹಿಂದೆ ಕೂರಿಸಿದರು. ಅವಳು ಗೇರು ಹಾಕಿದರೆ ಸದ್ದೇ ಬರುತ್ತಿರಲಿಲ್ಲ. ಅದೇ ಅವನಿಂದ ತಡೆಯಲಾಗದ ಸಂಗತಿ. ಒಂದು ಸಲವಾದರೂ ಕರಕರ ಎನಿಸಿದ್ದರೆ ಅವಳನ್ನು ಕ್ಷಮಿಸಿಬಿಡುತ್ತಿದ್ದನೋ ಏನೋ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಸಿದ್ದಯ್ಯ ಎಣ್ಣೆ ನೋಡಲು ಬಾನೆಟ್ ಎತ್ತಿದ. ಇಂಜಿನ್ನಿನ ಒಳಗಿನ ಎಣ್ಣೆಹೊಗೆಯನ್ನು ಹೊರಕ್ಕೆ ಬಿಡುವ ರಬ್ಬರಿನ ಬ್ರೀದರ್ ಪೈಪು ಕಾದು ಕಾದು ಒಣಗಿ ಹಪ್ಪಳದಂತಾಗಿತ್ತು. ಕೆಳಬದಿಯಲ್ಲಿ ಉದ್ದಕ್ಕೆ ಬಿರುಕು. ಹೊಗೆ ಅಲ್ಲಿಂದ ಸೋರಿ ಮುಂದಿನ ಸೀಟಿನ ಕಾಲಬಳಿ ಒಳಗೆ ನುಗ್ಗುತ್ತಿತ್ತು. ಹಿಂದಾಗಿದ್ದರೆ ಸಂಜೆಯೊಳಗೆ ಬದಲಾಯಿಸಿ ಮುಗಿಸುತ್ತಿದ್ದ. ಅವತ್ತು ಸುಮ್ಮನೆ ಬಾನೆಟ್ ಮುಚ್ಚಿದ. 'ಓಡಿಸೋರಿಗೆ ಮೂಗಿಲ್ವಾ, ಅವರೇ ನೋಡ್ಕೊಳ್ಳಲಿ' ಎಂದುಕೊಂಡ. ಸಾಹುಕಾರರಿಗೆ ಚಳಿಯಾಗುತ್ತದೆಂದು ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ನಶ್ಯ ಏರಿಸಿ ಏರಿಸಿ ಅವರ ಮೂಗು ಎಂದೋ ಸತ್ತಿತ್ತು.

ಆಮೇಲಿನ ವಾರ ನಿದಿಗೆಯ ಹತ್ತಿರ ಜಯಶೀಲಾ ಕಾರು ನಿಲ್ಲಿಸಿ, ಬಾಗಿಲು ತೆರೆದು, ರಸ್ತೆಯ ಬದಿಗೆ ವಾಂತಿ ಮಾಡಿಕೊಂಡಳು. ಸಿದ್ದಯ್ಯ ಹೂಜಿಯ ನೀರು ತಂದುಕೊಟ್ಟ. ಉಳಿದ ದಾರಿ ತಾನೇ ಓಡಿಸಿದ. ಆ ದಿನ ಅವನಿಗೆ ಹಬ್ಬ.

ಮನೆಗೆ ಬಂದು ಸಾಹುಕಾರರು ವಾಂತಿಯ ಸುದ್ದಿ ಹೇಳಿದ್ದೇ ತಡ, ಅವರ ಹೆಂಡತಿ ಕಾಶಮ್ಮನವರ ಮುಖ ಅರಳಿತು. ಜಗಲಿಯಲ್ಲೇ ಸೊಸೆಯ ಕೈ ಹಿಡಿದುಕೊಂಡರು. "ನಾಲ್ಕು ವರ್ಷಕ್ಕೆ ಶಿವ ಕಣ್ಬಿಟ್ಟ ನೋಡ್ರೀ!"

"ಅಂಥದ್ದೇನಿಲ್ಲ ಅತ್ತೆ. ಕಾರಲ್ಲಿ ಸುಟ್ಟೆಣ್ಣೆ ವಾಸನೆ. ಬೇಕಾದ್ರೆ ಸಿದ್ದಯ್ಯನ್ನ ಕೇಳಿ." ಜಯಶೀಲಾ ಅವನ ಕಡೆ ತಿರುಗಿದಳು. "ವಾಸನೆ ಬರುತ್ತಲ್ವಾ ಸಿದ್ದಯ್ಯ? ನೀವೇ ಹೇಳಿ."

ಮೂವರೂ ಅವನನ್ನೇ ನೋಡಿದರು. ಸಾಹುಕಾರರ ಕೈಯಲ್ಲಿ ಕಾರಿನ ಬೀಗದಕೈ ಇತ್ತು.

"ನಂಗೇನೂ ಬರಲ್ಲ ಸಣ್ಣಮ್ಮ" ಎಂದ ಸಿದ್ದಯ್ಯ.

"ನೋಡ್ದ್ಯಾ!" ಕಾಶಮ್ಮ ಕೈ ತಟ್ಟಿದರು. "ಬಸುರಿ ಮೂಗಿಗೆ ಇಲ್ಲದ ವಾಸನೆಯೆಲ್ಲ ಬಡೀತದೆ. ನಂಗೆ ಒಗ್ಗರಣೆ ಅಂದ್ರೆ ಆಗ್ತಿರಲಿಲ್ಲ. ಇನ್ಮೇಲೆ ಕಾರು ಗೀರು ಮುಟ್ಟಬೇಡ ಮಾರಾಯ್ತಿ."

ಬೀಗದಕೈ ಮತ್ತೆ ಸಿದ್ದಯ್ಯನ ಜೇಬಿಗೆ ಬಂತು. ಪಕ್ಕದ ಸೀಟಿಗೆ ಸಾಹುಕಾರರು ಬಂದರು, ಮಾತೂ ಬಂತು. ಆದರೆ ಮಾತೆಲ್ಲ ಒಂದೇ: ಮೊಮ್ಮಗ. "ಅವನು ದೊಡ್ಡವನಾಗೋ ಹೊತ್ಗೆ ಈ ಕಾರು ಇರ್ತದಾ? ನೀನೇನಂತೀಯೋ ಸಿದ್ದಯ್ಯ?" ಸಿದ್ದಯ್ಯ "ಇರ್ತದೆ ಸಾಹುಕಾರ್ರೇ" ಎನ್ನುತ್ತಿದ್ದ. ಹೊಗೆ ಅವನ ಗಂಟಲಿಗೂ ಹಿಡಿಯುತ್ತಿತ್ತು. ಈಗ ಪೈಪು ಬದಲಾಯಿಸಿದರೆ ಯಾಕೆಂದು ಯಾರಾದರೂ ಕೇಳಿಯಾರು ಎಂದು ಕೆಮ್ಮು ನುಂಗಿಕೊಂಡು ಓಡಿಸಿದ.

ಅವನಿಗೆ ತಡೆಯಲಾಗದ್ದು ಬೇರೆ. ಇಲ್ಲ ಇಲ್ಲ ಎನ್ನುತ್ತಿದ್ದ ಜಯಶೀಲಾ, ಆ ಸಲದ ಮುಟ್ಟೂ ತಡವಾಗಿ, ಬರಬರುತ್ತ ಸುಮ್ಮನಾದಳು. ಒಂದು ದಿನ ಅವನು ಕಾರು ತೊಳೆಯುವಾಗ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳು, ಯಾರೂ ನೋಡುತ್ತಿಲ್ಲವೆಂದುಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ತನ್ನಷ್ಟಕ್ಕೆ ನಕ್ಕಳು. ಸಿದ್ದಯ್ಯನ ಕೈಯ ಬಟ್ಟೆಯಿಂದ ನೀರು ಅವನ ಕಾಲ ಮೇಲೆಯೇ ಸುರಿಯಿತು.

ಒಂದು ತಿಂಗಳು ಕಳೆದ ಮೇಲೆ ಕಾಶಮ್ಮ ಸೊಸೆಯನ್ನು ಭದ್ರಾವತಿಯಲ್ಲಿ ಅವಳ ತವರಿಗೆ ಗೊತ್ತಿದ್ದ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ದಾರಿಯಲ್ಲಿ ಅವಳಿಗೆ ಮತ್ತೆ ವಾಂತಿಯಾಯಿತು. ಕಾಶಮ್ಮ ಬೆನ್ನು ಸವರುತ್ತ, "ಆಗ್ಲಿ ಆಗ್ಲಿ, ಒಳ್ಳೇದೇ" ಎಂದರು. ಹೆಂಗಸರು ಒಳಗೆ ಹೋದ ಕೂಡಲೆ ಸಿದ್ದಯ್ಯ ಬಿರಬಿರನೆ ಕಾರಿನ ಸಾಮಾನಿನ ಅಂಗಡಿಗೆ ಹೋಗಿ ಹೊಸ ಪೈಪು ಕೊಂಡ. ಹಾಕಲು ಹೊತ್ತು ಸಾಲಲಿಲ್ಲ. ತಿರುಗಿ ಬರುವಷ್ಟರಲ್ಲಿ ಇಬ್ಬರೂ ಮೆಟ್ಟಿಲ ಮೇಲಿದ್ದರು. ಕಾಶಮ್ಮ ಮುಂದೆ, ಜಯಶೀಲಾ ನಾಲ್ಕು ಮಾರು ಹಿಂದೆ. ಬಸಿರಿಲ್ಲವೆಂದು ಅವರ ನಡಿಗೆಯೇ ಹೇಳುತ್ತಿತ್ತು. ಕೇಳುವ ಅಗತ್ಯವೂ ಇರಲಿಲ್ಲ. ಶಿವಮೊಗ್ಗ ಬರುವವರೆಗೆ ಜಯಶೀಲಾ ಕಿಟಕಿ ಇಳಿಸಿ ಗಾಳಿಗೆ ಮುಖವೊಡ್ಡಿಯೇ ಕೂತಿದ್ದಳು.

ಮರುದಿನ ಬೆಳಿಗ್ಗೆ ಸಿದ್ದಯ್ಯ ಬಾನೆಟ್ ಎತ್ತಿದ. ಕ್ಲಿಪ್ಪಿನ ತಿರುಪು ಸಡಿಲಿಸಿ ಎಳೆದರೆ ಹಳೆಯ ಪೈಪು ಪುಡಿಪುಡಿಯಾಗಿ ಕೈಗೆ ಬಂತು. ಅಂಟಿಕೊಂಡ ಚೂರುಗಳನ್ನು ಚಾಕುವಿನಿಂದ ಕೆರೆದು, ಹೊಸದನ್ನು ತೂರಿಸಿ ಕ್ಲಿಪ್ಪು ಬಿಗಿದ. ಕಾಲು ಗಂಟೆಯ ಕೆಲಸ. ತಲೆಯೆತ್ತಿದರೆ ಜಯಶೀಲಾ ನಿಂತಿದ್ದಳು. ನೆಲದ ಮೇಲೆ ಬಿದ್ದಿದ್ದ ಚೂರೊಂದನ್ನು ಎತ್ತಿ ಮೂಸಿದಳು.

"ಇದೇ ವಾಸನೆ. ಯಾವಾಗಿಂದ ಒಡೆದಿತ್ತು?"

ನೆನ್ನೆ ಮೊನ್ನೆ ಎನ್ನಬಹುದಿತ್ತು. "ದೀಪಾವಳಿ ಆದ್ಮೇಲಿಂದ" ಎಂದ.

"ಅವತ್ತು ಜಗಲಿ ಮೇಲೆ ಕೇಳಿದ್ನಲ್ಲ."

"ಗೊತ್ತಿತ್ತು ಸಣ್ಣಮ್ಮ. ಸ್ಟೇರಿಂಗು ನಿಮ್ಮ ಕೈಲಿ... ನನ್ನ ಕೈಲಿ ನೋಡಕ್ಕಾಗಲಿಲ್ಲ."

ಅವಳು ಬಯ್ಯಲಿಲ್ಲ. ಚೂರನ್ನು ಮಡ್‌ಗಾರ್ಡಿನ ಮೇಲಿಟ್ಟು, "ಕಡೆಕಡೆಗೆ ನಾನೂ ನಂಬಿಬಿಟ್ಟಿದ್ದೆ" ಎಂದಳು.

ಅಷ್ಟರಲ್ಲಿ ಒಳಗಿನಿಂದ ಕಾಶಮ್ಮ ಕೂಗಿದರು. "ಅಯ್ಯೋ ಶಿವನೇ, ಹೊಳೆಹೊನ್ನೂರಿನ ಅಕ್ಕ ಇವತ್ತೇ ಬರೋದು! ಬಯಕೆ ಊಟ ಕಟ್ಕೊಂಡು ಬರ್ತೀನಿ ಅಂದಿದ್ಲು. ಬೇಡ ಅಂತ ಹೇಳಿಕಳ್ಸೋಕೆ ಮರ್ತೇಹೋಯ್ತು!"

ಜಯಶೀಲಾ ಬಾಗಿಲ ಕಡೆ ನೋಡಿ, ಆಮೇಲೆ ಸಿದ್ದಯ್ಯನನ್ನು ನೋಡಿದಳು. "ನೀವೇ ಹೋಗಿ ಕರ್ಕೊಂಡು ಬನ್ನಿ. ಮನೆ ಮುಟ್ಟೋಕೆ ಮುಂಚೆ ನೀವೇ ಹೇಳಿ. ನಿಜವನ್ನೇ ಹೇಳಿ. ಇನ್ನೊಬ್ರಿಗೆ ಹೇಳೋ ಶಕ್ತಿ ನಂಗಿಲ್ಲ."

ಕಾಶಮ್ಮನವರ ಅಕ್ಕ ವೀರಮ್ಮನವರು ಬಸ್ಸಿನಿಂದ ಎರಡು ಕೈಯಲ್ಲೂ ಬುಟ್ಟಿ ಹಿಡಿದು ಇಳಿದರು. ಕಾರು ಹತ್ತುವಾಗಲೇ ಮಾತು ಶುರು. ಬೇಳೆ ಹೋಳಿಗೆ ಕಾಶಿಗೆ ಇಷ್ಟ, ಹುಡುಗಿಗೆ ಹುಳಿ ಬೇಕಾಗ್ತದೆ ಅಂತ ಮಾವಿನಕಾಯಿ ಉಪ್ಪಿನಕಾಯಿ, ಕರ್ಜಿಕಾಯಿಗೆ ಕೊಬ್ಬರಿ ತುರಿದೂ ತುರಿದೂ ಕೈಯೇ ಬಿದ್ದುಹೋಯ್ತು. ಕಾರಿನೊಳಗೆ ಏಲಕ್ಕಿ, ತುಪ್ಪದ ಪರಿಮಳ. ಬೇರೆ ಯಾವ ವಾಸನೆಯೂ ಇರಲಿಲ್ಲ.

"ತಗೊಳೋ, ಮೊದಲು ನೀನೇ ಬಾಯಿ ಸಿಹಿ ಮಾಡ್ಕೊ. ಅವಳನ್ನ ಜೋಪಾನವಾಗಿ ಕರ್ಕೊಂಡು ಓಡಾಡಿದೋನು ನೀನೇ ಅಂತೆ." ಬುಟ್ಟಿಯ ಡಬ್ಬಿ ತೆರೆದು, ಹಿಂದಿನಿಂದ ಕೈ ಚಾಚಿ ಒಂದು ಕರ್ಜಿಕಾಯಿ ಅವನ ಅಂಗೈಗಿಟ್ಟರು.

ಸಿದ್ದಯ್ಯ ಮನೆಯ ಕಡೆ ತಿರುಗಬೇಕಾದಲ್ಲಿ ತಿರುಗಲಿಲ್ಲ. ನೆಟ್ಟಗೆ ಹೊಳೆಯ ಕಡೆ ಹೋಗಿ, ರಸ್ತೆಯ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿದ.

"ಇದ್ಯಾಕೋ, ಕಾರು ಕೆಡ್ತಾ?"

"ಇಲ್ಲ ಅಮ್ಮಾರೇ. ಕಾರು ಚೆನ್ನಾಗೈತೆ."

ಅವನು ಹಿಂದಕ್ಕೆ ತಿರುಗಿ ಕೂತ. ಬಿಗಿ ಹಿಡಿದ ಮುಷ್ಟಿಯಲ್ಲಿ ಕರ್ಜಿಕಾಯಿ ಒಡೆದು, ಸಕ್ಕರೆ ಬೆರೆತ ಕೊಬ್ಬರಿ ಸೀಟಿನ ಮೇಲೆ ಉದುರುತ್ತಿತ್ತು. ವೀರಮ್ಮನವರು ಡಬ್ಬಿಯ ಮುಚ್ಚಳ ಕೈಯಲ್ಲೇ ಹಿಡಿದು, ಮುಖದ ಮೇಲೆ ಇನ್ನೂ ನಗು ಇರುವಂತೆಯೇ, ಅವನ ಮಾತಿಗೆ ಕಾದರು.