ಬೆಳ್ಳಮ್ಮ ತಿರುಗಿಸಿದ ರೇಡಿಯೊ

ಮಂಡ್ಯದ ಗುತ್ತಲಿನಲ್ಲಿ ವನಜಾಳ ರಿಪೇರಿ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಸತ್ತುಹೋಯಿತು ಅಂದುಕೊಂಡ ಮಿಕ್ಸಿ, ಟಿವಿಗಳೆಲ್ಲ ಅವಳ ಕೈಯಲ್ಲಿ ಎದ್ದು ಕೂರುತ್ತಿದ್ದವು. ಒಂದು ಸೋಮವಾರ ಹೊಳಲಿನ ಚಲುವರಾಜು ಕಾರಿನ ಡಿಕ್ಕಿಯಿಂದ ಹಳೇ ವಾಲ್ವ್ ರೇಡಿಯೊ ಒಂದನ್ನು ಇಳಿಸಿದರು. ತೇಗದ ಪೆಟ್ಟಿಗೆ, ಹಾಲುಬಣ್ಣದ ಎರಡು ನಾಬು, ಊರುಗಳ ಹೆಸರು ಬರೆದ ಗಾಜು.

"ನಮ್ ತಾತ ತಂದಿದ್ದು. ಅವ್ವಂಗೆ ಇದು ಮತ್ತೆ ಹಾಡ್ಬೇಕಂತೆ. ಆಯ್ತದೇನಮ್ಮ?"

ವನಜಾ ಹಿಂದಿನ ರಟ್ಟು ಬಿಚ್ಚಿ ನೋಡಿದಳು. ಒಳಗೆ ಇಲಿ ಗೂಡು ಕಟ್ಟಿತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಐದು ವಾಲ್ವಿನಲ್ಲಿ ಮೂರು ಒಡೆದಿದ್ದವು.

"ಹಳೇದು ಏಳಲ್ಲ ಸಾರ್. ಒಳಗಿರೋದೆಲ್ಲ ತೆಗೆದು ಇಂಟರ್ನೆಟ್ ರೇಡಿಯೊ ಕೂರಿಸ್ತೀನಿ. ನಿಮ್ಮನೆ ವೈಫೈನಲ್ಲಿ ಹಾಡ್ತದೆ. ಹೊರಗಡೆ ಮಾತ್ರ ಇದೇ ಪೆಟ್ಟಿಗೆ, ಇದೇ ನಾಬು."

ಚಲುವರಾಜು ಖುಷಿಯಿಂದ ಒಪ್ಪಿ ಹೋದರು.

ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ತಾಯಿ ಬೆಳ್ಳಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಈ ಪೆಟ್ಗೆ ಎಲ್ಲಿಂದ ಬಂತು?"

"ಹೊಳಲಿಂದ. ಚಲುವರಾಜು ಅಂತ."

"ಗೊತ್ತು ಬುಡು," ಅಂದಳು ಬೆಳ್ಳಮ್ಮ. ಅವಳು ಹುಟ್ಟಿ ಬೆಳೆದದ್ದು ಹೊಳಲಿನ ಕೇರಿಯಲ್ಲಿ. ಹನ್ನೊಂದು ವರ್ಷದವಳಿದ್ದಾಗ ತಾಯಿ ಸಣ್ಣತಾಯಮ್ಮನ ಜೊತೆ ಚಲುವರಾಜು ಅವರ ಮನೆಯ ಕೊಟ್ಟಿಗೆ ಬಾಚಲು ಹೋಗುತ್ತಿದ್ದಳು. ರೇಡಿಯೊ ಜಗುಲಿಯ ಮೇಲಿರುತ್ತಿತ್ತು. ಇವರು ಕೊಟ್ಟಿಗೆಯ ಗೋಡೆಗೆ ಒರಗಿ ಹಾಡು ಕೇಳಬೇಕು. ಒಂದು ದಿನ ಜಗುಲಿಯಲ್ಲಿ ಯಾರೂ ಇರಲಿಲ್ಲ, ರೇಡಿಯೊ ಗೊರಗೊರ ಅನ್ನುತ್ತಿತ್ತು. ಹುಡುಗಿ ಮೆಟ್ಟಿಲು ಹತ್ತಿ ಅದರ ಕಿವಿ ತಿರುಗಿಸಿದಳು.

"ಹಾಡು ಬಂತಾ?" ಕೇಳಿದಳು ವನಜಾ.

"ಎಲ್ ಬಂತು? ಅಷ್ಟ್ರಲ್ಲಿ ಆ ಮನೆ ಯಜಮಾನ ಬಂದ. ಬಾರುಕೋಲ್ನಲ್ಲಿ ಬೆನ್ ಮ್ಯಾಲೆ ಮೂರೇಟು. ಆಮೇಲೆ ಪೆಟ್ಗೆಗೆ ಗಂಜ್ಲ ಚಿಮುಕ್ಸುದ್ರು. ನಮ್ಮವ್ವನ್ನ ಕೆಲ್ಸದಿಂದ ಬುಡಿಸುದ್ರು." ಇಷ್ಟು ಹೇಳಿ ಬೆಳ್ಳಮ್ಮ, "ಮುದ್ದೆ ಆರೋಯ್ತದೆ, ಬಾ," ಅಂದಳು.

ವನಜಾ ಅರ್ಧ ಮುದ್ದೆ ಬಿಟ್ಟು ಎದ್ದಳು. ತನ್ನ ನಲವತ್ತಮೂರು ವರ್ಷದ ಬದುಕಿನಲ್ಲಿ ಈ ಮಾತನ್ನು ಅವ್ವ ಒಂದು ಸಲವೂ ಆಡಿರಲಿಲ್ಲ. ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಕ್ರೂ ಡ್ರೈವರ್ ಹಿಡಿಯುವಳು, ಇಡುವಳು. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚುವಳು, ಮತ್ತೆ ತೆಗೆಯುವಳು. ವಾಪಸ್ ಕೊಟ್ಟುಬಿಡೋಣ ಅಂತ ಎರಡು ಸಲ ಫೋನ್ ಕೈಗೆತ್ತಿಕೊಂಡಳು. ನಾಲ್ಕು ದಿನ ಕೆಲಸ ಮುಂದಕ್ಕೆ ಹೋಗಲಿಲ್ಲ.

ಬೆಳ್ಳಮ್ಮನೇ ಗದರಿದಳು. "ಒಪ್ಕಂಡ್ ಮ್ಯಾಲೆ ಮಾಡ್ಬೇಕು ಕಣಮ್ಮ. ಪೆಟ್ಗೆ ಏನ್ ಮಾಡ್ತು ಪಾಪ? ಕೊಡಕ್ಕೆ ಓಗುವಾಗ ನಾನೂ ಬತ್ತೀನಿ."

ವನಜಾ ಕೆಲಸಕ್ಕೆ ಕೂತಳು. ಉಪ್ಪುಕಾಗದದಿಂದ ತೇಗವನ್ನು ಉಜ್ಜಿ ಪಾಲಿಶ್ ಹಾಕಿದಳು. ಇಲಿ ಕಡಿದ ಬಟ್ಟೆ ತೆಗೆದು ಹೊಸ ಬಟ್ಟೆ ಬಿಗಿದಳು. ಒಳಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಒಂದು ಆಂಪ್ಲಿಫೈಯರು, ಹೊಸ ಸ್ಪೀಕರು. ನಾಬು ತಿರುಗಿಸಿದಂತೆ ಒಂದೊಂದು ಸ್ಟೇಷನ್ನು ಬರುವ ಹಾಗೆ ಜೋಡಿಸುವುದಕ್ಕೇ ಎರಡು ದಿನ ಹಿಡಿಯಿತು. ಗಾಜಿನ ಹಿಂದೆ ಹಳದಿ ದೀಪ ಹತ್ತಿದಾಗ ಅವಳಿಗೆ ಸಂತೋಷವಾಯಿತು. ಸಂತೋಷಪಟ್ಟೆನಲ್ಲ ಅಂತ ಮರುಕ್ಷಣವೇ ಸಿಟ್ಟೂ ಬಂತು.

ಹೊಳಲಿನ ಆ ಮನೆಯಲ್ಲಿ ಈಗ ಜಗುಲಿ ಇರಲಿಲ್ಲ. ಟೈಲ್ಸ್ ಹಾಕಿದ ಹಾಲಿನಲ್ಲಿ ಚಲುವರಾಜು ಅವರ ತಾಯಿ ಮಲ್ಲಿಗಮ್ಮ ಸೋಫಾದಲ್ಲಿ ಕೂತಿದ್ದರು. ಎಪ್ಪತ್ತೈದು ದಾಟಿದ್ದರೂ ಕಣ್ಣು ಚುರುಕು. ವನಜಾ ಪಾಸ್‌ವರ್ಡ್ ಕೇಳಿ ವೈಫೈ ಕೂಡಿಸಿದಳು. ನಾಬಿಗೆ ಕೈ ಹಾಕಲು ಚಲುವರಾಜು ಮುಂದಾದರು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಬೆಳ್ಳಮ್ಮ ಎದ್ದು ಬಂದಳು.

"ತಡೀರಿ, ನಾನ್ ತಿರುಗಿಸ್ತೀನಿ."

ತಿರುಗಿಸಿದಳು. ಕೊಳಲಿನ ಧ್ವನಿ ಹಾಲ್ ತುಂಬ ಹರಡಿತು. ಇನ್ನೊಂದು ಸಲ ತಿರುಗಿಸಿದಳು, ಮೈಸೂರಿನಿಂದ ಯಾರೋ ಟೊಮ್ಯಾಟೊ ಬೆಳೆಯ ಮಾತಾಡುತ್ತಿದ್ದರು.

"ಇವ್ರು ಯಾರು?" ಕೇಳಿದರು ಮಲ್ಲಿಗಮ್ಮ.

"ನಾನು ಬೆಳ್ಳಿ. ನಿಮ್ಮ ಕೊಟ್ಗೆ ಬಾಚ್ತಿದ್ದ ಸಣ್ಣತಾಯಮ್ಮನ ಮಗ್ಳು."

ಮಲ್ಲಿಗಮ್ಮ ರೇಡಿಯೊ ಕಡೆ ಮುಖ ತಿರುಗಿಸಿದರು. "ಎಷ್ಟೋ ಜನ ಬತ್ತಿದ್ರು. ಗ್ಯಾನ ಇಲ್ಲ ಕಣವ್ವ."

ತಿರುಗಿ ಬರುವಾಗ ವನಜಾ ಸ್ಕೂಟರನ್ನು ನಾಲೆಯ ಪಕ್ಕ ನಿಲ್ಲಿಸಿ ಕೂಗಾಡಿದಳು. "ನೀನ್ಯಾಕೆ ಬಾಯಿ ಮುಚ್ಕೊಂಡು ಬಂದೆ? ಹೊಡೆದಿದ್ದನ್ನ ಅವರ ಮುಖಕ್ಕೇ ಹೇಳಬೇಕಿತ್ತು!"

"ನಾನೇನ್ ಜಗಳಕ್ ಓಗಿದ್ನಾ? ಅದ್ನ ತಿರುಗಿಸಕ್ ಓಗಿದ್ದೆ, ತಿರುಗಿಸ್ದೆ. ಗಾಡಿ ಓಡ್ಸು."

ಬೆಳ್ಳಮ್ಮ ಆ ದಿನ ಚೆನ್ನಾಗಿ ಉಂಡಳು. ವನಜಾಗೆ ಮಾತ್ರ ಇನ್ನೊಂದು ವಾರ ಒಳಗೊಳಗೇ ಕುದಿಯುತ್ತಿತ್ತು. ಗಿರಾಕಿಗಳ ಮೇಲೆ ರೇಗಿದಳು, ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡಳು.

ಆಮೇಲೆ ಚಲುವರಾಜು ಫೋನ್ ಮಾಡಿದರು. ದನಿಯಲ್ಲಿ ಅಳುಕಿತ್ತು. "ಅವ್ವ ರೇಡಿಯೊ ಹಾಕ್ಸೋದೇ ಬಿಟ್ಟವ್ರೆ. ನಿಮ್ಮ ತಾಯೋರ್ನ ಒಂದ್ಸಲ ಕರ್ಕೊಂಡ್ ಬನ್ನಿ ಅಂತವ್ರೆ."

ಬೆಳ್ಳಮ್ಮ ಕೇಳಿಸಿಕೊಂಡು, "ಬೇಕಾದ್ರೆ ಅವರೇ ಬರ್ಲಿ. ಗುತ್ಲೇನ್ ದೂರ್ವಾ?" ಅಂದಳು.

ಭಾನುವಾರ ಮಲ್ಲಿಗಮ್ಮ ಬಂದರು. ಮಗನನ್ನು ಕಾರಲ್ಲೇ ಕೂರಿಸಿ, ಕೋಲೂರಿಕೊಂಡು ಒಬ್ಬರೇ ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ವನಜಾ ಒಲೆಯ ಹತ್ತಿರ ನಿಲ್ಲಲಾರದೆ ಅಡುಗೆಮನೆಗೂ ನಡುಮನೆಗೂ ಓಡಾಡುತ್ತಿದ್ದಳು. ಕಾಫಿ ತರುವಾಗ ಮಾತು ಕಿವಿಗೆ ಬಿತ್ತು.

"ಗ್ಯಾನ ಇಲ್ಲ ಅಂದಿದ್ದು ಸುಳ್ಳು ಬೆಳ್ಳಮ್ಮ. ಅವತ್ತು ನಾನು ಬಾಗ್ಲಲ್ಲೇ ನಿಂತಿದ್ದೆ. ಮದ್ವೆಯಾಗಿ ಆರ್ ತಿಂಗ್ಳಾಗಿತ್ತು. ಮಾವಂಗೆ ಎದ್ರಿಕೊಂಡು ಬಾಯಿ ಬುಡ್ಲಿಲ್ಲ."

"ನಿಂತಿದ್ರಿ," ಅಂದಳು ಬೆಳ್ಳಮ್ಮ. "ಅಸ್ರು ಸೀರೆ ಉಟ್ಟಿದ್ರಿ."

ಮಲ್ಲಿಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬೆಳ್ಳಮ್ಮ ಸಮಾಧಾನ ಹೇಳಲಿಲ್ಲ. ಕಾಫಿ ಲೋಟವನ್ನು ಅವರ ಕಡೆಗೆ ಸರಿಸಿದಳು. ಅವರು ಕುಡಿದರು. ಬಹಳ ಹೊತ್ತು ಇಬ್ಬರೂ ಮಂಡಿನೋವಿನ ವಿಷಯ ಮಾತಾಡಿದರು.

ಕಾರು ಹೋದ ಮೇಲೆ ವನಜಾ ಕೇಳಿದಳು. "ಕ್ಷಮಿಸಿಬಿಟ್ಯಾ ಅವ್ವ?"

"ಅದೆಲ್ಲ ನಂಗೊತ್ತಿಲ್ಲ ಕಣಮ್ಮ. ಬಂದ್ರು, ನಿಜ ಏಳುದ್ರು. ಮತ್ತೆ ಬತ್ತೀನಿ ಅಂದವ್ರೆ. ಬರ್ಲಿ."

ವನಜಾ ಇನ್ನೂ ಏನೋ ಕೇಳಬೇಕೆಂದಿದ್ದಳು. ಬೆಳ್ಳಮ್ಮ ಆಗಲೇ ಹಿತ್ತಲಿಗೆ ಹೋಗಿ, ಒಣಗಲು ಹಾಕಿದ ಬಟ್ಟೆ ತೆಗೆಯುತ್ತಿದ್ದಳು.