ದಿಲ್ಲಿಯ ನೌಕರಿಗೆ ಖಾನಾಪುರದ ಕಾಗದ

ನಮ್ಮ ಕಡೆ ಮಕ್ಕಳು ಸರಕಾರಿ ಪರೀಕ್ಷೆ ಪಾಸಾದರೆ ಜನ ಮೊದಲು ಮಾರ್ಕ್ಸ್ ಕೇಳುವುದಿಲ್ಲ. "ಅಲ್ಲಿ ನಿಮ್ಮವರು ಯಾರರ ಅದಾರೇನು?" ಎಂದು ಕೇಳುತ್ತಾರೆ. ಖಾನಾಪುರದ ಹತ್ತಿರದ ನಾಗಲಿಂಗನಿಗೂ ಊರವರು ಅದನ್ನೇ ಕೇಳಿದರು. ಪಾಪ, ಅವನು ಅಂದಿನಿಂದ ಅಂಥವರು ಯಾರಾದರೂ ಸಿಗುತ್ತಾರೇನೋ ಎಂದು ಹುಡುಕತೊಡಗಿದ.

ನಾಗಲಿಂಗನ ಅಪ್ಪ ಕುರಿ ಕಾಯ್ದವರು. ನಾಗಲಿಂಗ ಬೆಳಗಾವಿಯ ಆಟೋ ನಗರದಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಮಗಳು ಪ್ರಮಿಳಾ ಕೇಂದ್ರ ಸರಕಾರದ ಕಚೇರಿ ಸಹಾಯಕರ ಪರೀಕ್ಷೆ ಬರೆದು, ಅದೂ ಕನ್ನಡದಲ್ಲೇ ಬರೆದು, ಪಾಸಾಗಿದ್ದಳು. ಉಳಿದದ್ದು ಕಾಗದಪತ್ರದ ಪರಿಶೀಲನೆ ಒಂದೇ. ಅದಕ್ಕೆ ಇನ್ನೂ ಇಪ್ಪತ್ತಾರು ದಿನ ಇತ್ತು.

ಅಷ್ಟರಲ್ಲಿ ಚಹಾದಂಗಡಿಯಲ್ಲಿ ಒಬ್ಬ ಗಂಟುಬಿದ್ದ. "ಇಂಟರ್‌ವ್ಯೂದಾಗ ದಿಲ್ಲಿ ಸಾಹೇಬರು ಕುಂತಿರ್ತಾರ. ನಾ ಮಾತಾಡ್ತೀನಿ. ಹುಡುಗಿದು ಅಸಲಿ ಕಾಗದ ಎಲ್ಲಾ ನನ್ನ ಕಡೆ ಇರ್ಲಿ," ಎಂದ. ನಾಗಲಿಂಗ ಹೂಂ ಅಂದುಬಿಟ್ಟ. ಬರಿಗೈಯಲ್ಲಿ ಹೋಗಬಾರದೆಂದು ಅಪ್ಪನ ಕರಿ ಕಂಬಳಿಯನ್ನೂ ಪೆಟ್ಟಿಗೆಯಿಂದ ತೆಗೆದ. ಆ ಕಂಬಳಿಯನ್ನು ಅವರ ಮನೆಯಲ್ಲಿ ಹಾಸುತ್ತಿದ್ದದ್ದು ಮದುವೆಯಲ್ಲಿ, ಇಲ್ಲವೇ ಬಹಳ ದೊಡ್ಡವರು ಮನೆಗೆ ಬಂದಾಗ.

"ಗುರುತಿಲ್ಲದಾಂವಗ ಮಾವನ ಕಂಬಳಿ ಕೊಡ್ತೀರೇನು?" ಎಂದು ಹೆಂಡತಿ ಭರಮವ್ವ ಮುಖ ಊದಿಸಿದಳು.

"ಮಗಳ ನೌಕರಿಗಿಂತ ಕಂಬಳಿ ಹೆಚ್ಚೇನ? ಸುಮ್ನಿರು."

ಮರುದಿನ ಅವನಿಗೆ ಮಹಾಂತೇಶ ನಗರದಲ್ಲಿ ಒಂದು ಗೇಟು ಬೆಸೆಯುವ ಕೆಲಸ. ಮನೆಯ ಯಜಮಾನಿ ಶಿವಲಿಂಗವ್ವ ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಧ್ಯಾಹ್ನ ನಾಗಲಿಂಗ ಮೆಷಿನ್ ಬಂದ್ ಮಾಡಿ, ಬಗಲಲ್ಲಿ ಕಂಬಳಿ, ಕೈಯಲ್ಲಿ ಫೈಲು ಹಿಡಿದು ಹೊರಟದ್ದನ್ನು ಅವರು ಕಂಡರು.

"ಗೇಟ್ ಅರ್ಧಾ ಬಿಟ್ಟು ಎಲ್ಲಿಗೆ ಹೊಂಟಿ ನಾಗಲಿಂಗಪ್ಪಾ? ಈ ಬಿಸಲಾಗ ಕಂಬಳಿ ಬ್ಯಾರೆ."

ನಾಗಲಿಂಗ ಇದ್ದದ್ದು ಇದ್ದಂತೆ ಹೇಳಿದ. ಶಿವಲಿಂಗವ್ವ ನಗಲಿಲ್ಲ. ಒಳಗೆ ಕರೆದು ಕೂಡಿಸಿ ನೀರು ಕೊಟ್ಟರು.

"ಈ ಹುದ್ದೇಕ ಇಂಟರ್‌ವ್ಯೂನ ಇಲ್ಲ. ಕೇಂದ್ರ ಸರಕಾರದಾಗ ಇಂಥಾ ಕೆಳಗಿನ ದರ್ಜೆ ಹುದ್ದೇಕ ಎರಡ ಸಾವಿರದ ಹದಿನಾರರಿಂದ ಇಂಟರ್‌ವ್ಯೂ ತಗದ ಹಾಕ್ಯಾರ. ಇಲ್ಲದ ಇಂಟರ್‌ವ್ಯೂದಾಗ ಆಂವ ಯಾರ ಜೋಡಿ ಮಾತಾಡ್ತಾನ?"

ನಾಗಲಿಂಗನಿಗೆ ನಂಬಿಕೆ ಬರಲಿಲ್ಲ. "ಅಕ್ಕಾರ, ಸಾಹೇಬರು ಮನಸ್ಸು ಮಾಡದ ನೌಕರಿ ಹೆಂಗ ಸಿಗತೈತ್ರಿ?"

"ಯಾವ ಸಾಹೇಬ? ಪ್ರಮಿಳಾ ಸೇರೂ ಕಚೇರಿ ಸಾಹೇಬಗ ಆಕಿನ್ನ ಆರಿಸೂ ಅಧಿಕಾರನ ಇಲ್ಲ. ಆರಿಸಾಕ ಬ್ಯಾರೆ ಆಯೋಗ ಐತಿ. ಅದು ಪರೀಕ್ಷಾ ತಗೋತೈತಿ, ಮಾರ್ಕ್ಸ್ ನೋಡಿ ಪಟ್ಟಿ ಮಾಡತೈತಿ, ಇಲಾಖೆಗೆ ಕಳಸತೈತಿ. ನಮ್ಮ ಕಚೇರಿಗೆ ಹೊಸಬರು ಬಂದಾಗ ಅವರ ಹೆಸರು ನಮ್ಮ ಸಾಹೇಬರಿಗೆ ಗೊತ್ತಾಗತಿದ್ದದ್ದೂ ಆ ಕಾಗದ ಬಂದ ಮ್ಯಾಲೆನ."

"ಹಂಗಾದ್ರ ಆಂವ ಅಸಲಿ ಕಾಗದ ಯಾಕ ಕೇಳ್ಯಾನ್ರಿ?"

"ಪರಿಶೀಲನೆಗೆ ಪ್ರಮಿಳಾ ಖುದ್ದು ಅಸಲಿ ತೋರಸ್ಬೇಕು. ಅವು ಅವನ ಕೈಯಾಗ ಇದ್ರ, ನೀ ಆಂವ ಕುಣಿಸಿದಂಗ ಕುಣೀಬೇಕು."

ಈ ಮಾತು ನಾಟಿತು. ಅಲ್ಲಿಯವರೆಗೆ ಎದೆಗವಚಿಕೊಂಡಿದ್ದ ಫೈಲನ್ನು ನಾಗಲಿಂಗ ಮೆಲ್ಲಗೆ ಮೇಜಿನ ಮೇಲಿಟ್ಟ. ಶಿವಲಿಂಗವ್ವ ಕನ್ನಡಕ ಹಾಕಿಕೊಂಡು ಒಂದೊಂದೇ ಕಾಗದ ತಿರುವಿದರು. ಜಾತಿ ಪ್ರಮಾಣಪತ್ರದ ಹತ್ತಿರ ಕೈ ನಿಂತಿತು.

"ಖರೇ ತೊಡಕು ಇಲ್ಲೈತಿ ನೋಡು. ಇದು ರಾಜ್ಯದ ನಮೂನಿ. ಕೇಂದ್ರದ ನೌಕರಿಗೆ ಹಿಂದುಳಿದ ವರ್ಗದ ನಮೂನಿ ಬ್ಯಾರೆ, ಜಾತಿ ಪಟ್ಟಿನೂ ಬ್ಯಾರೆ; ನಿಮ್ಮ ಜಾತಿ ಆ ಪಟ್ಟಿಯಾಗೂ ಐತಿ. ಇದನ್ನ ಒಯ್ದರ ಮೀಸಲಾತಿ ಸಿಗೂದಿಲ್ಲ. ಆಕಿ ಹೆಸರು ಪಟ್ಟಿಯಿಂದ ಬೀಳತೈತಿ."

ನಾಗಲಿಂಗ ಆ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದ. ಆ ಕಾಗದಕ್ಕೆ ಅವನೇ ಓಡಾಡಿದ್ದ, ಮೇಲೆ ಲ್ಯಾಮಿನೇಶನ್ ಬೇರೆ ಮಾಡಿಸಿದ್ದ. ಇಷ್ಟು ದಿನ ಇಲ್ಲದ ಸಾಹೇಬನ ಚಿಂತೆ ಮಾಡಿದೆನೇ ಹೊರತು ಇದ್ದ ಕಾಗದ ಓದಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

"ಈಗ ದಿಲ್ಲಿಗೆ ಹೋಗ್ಬೇಕೇನ್ರಿ ಅಕ್ಕಾರ?"

"ಖಾನಾಪುರಕ್ಕ ಹೋಗು. ನಾಡಕಚೇರಿಯಾಗ ಅರ್ಜಿ ಕೊಡು. ಊರ ಲೆಕ್ಕ ನೋಡೂ ತಲಾಠಿ ವಿಚಾರಣಾ ಮಾಡ್ತಾರ, ತಹಶೀಲ್ದಾರರು ಕೊಡ್ತಾರ. ಕೇಂದ್ರದ ನೌಕರಿಗೆ ಬೇಕು ಅಂತ ಬಾಯಿಬಿಟ್ಟು ಹೇಳು." ಶಿವಲಿಂಗವ್ವ ಫೈಲಿನಲ್ಲಿದ್ದ ಪ್ರಕಟಣೆಯನ್ನು ಮತ್ತೊಮ್ಮೆ ಓದಿದರು. "ನಿನ್ನ ನಸೀಬ ಛಲೋ ಐತಿ. ಪರಿಶೀಲನೆ ದಿನದ ತನಕಾ ತರಾಕ ಬಿಟ್ಟಾರ. ಎಲ್ಲಾದರಾಗೂ ಹಿಂಗ ಇರೂದಿಲ್ಲ."

"ಮತ್ತ ಝೆರಾಕ್ಸ್ ಮ್ಯಾಲೆ ದೊಡ್ಡ ಸಾಹೇಬರ ಸಹಿ?"

"ಆ ಕಾಲ ಹೋತು. ಪ್ರಮಿಳಾ ತಾನ ಸಹಿ ಮಾಡ್ಲಿ, ಸಾಕು."

ಆ ದಿನ ಚಹಾದಂಗಡಿಯಲ್ಲಿ ಗಂಟುಬಿದ್ದವನ ಫೋನು ಮೂರು ಸಲ ಬಂತು. ನಾಗಲಿಂಗ ಎತ್ತಲಿಲ್ಲ. ಗೇಟು ಪೂರ್ತಿ ಮಾಡಿಯೇ ಮನೆಗೆ ಹೋದ. ಮಾರನೆಯ ದಿನ ಬೆಳಿಗ್ಗೆ ಅಪ್ಪ ಮಗಳು ನಾಡಕಚೇರಿಯ ಕಿಟಕಿಯ ಮುಂದೆ ನಿಂತಿದ್ದರು. ತಲಾಠಿ ಊರಿಗೆ ಬಂದು ವಿಚಾರಿಸಿಕೊಂಡು ಹೋದರು. ಹದಿನೇಳನೆಯ ದಿನ ಕಾಗದ ಕೈಗೆ ಬಂತು. ಪ್ರಮಿಳಾ ಅಲ್ಲೇ ನಿಂತು ಅಕ್ಷರ ಬಿಡದೆ ಓದಿದಳು.

ಪರಿಶೀಲನೆಯ ದಿನ ನಾಗಲಿಂಗ ಹೊರಗೆ ಮರದ ಕೆಳಗೆ ಕಾಯ್ದ. ಒಂದು ತಾಸಿಗೆ ಮಗಳು ಹೊರಗೆ ಬಂದಳು.

"ಕಾಗದ ನೋಡಿದ್ರು, ಸಹಿ ತಗೊಂಡ್ರು, ಹೋಗ್ರಿ ಅಂದ್ರು."

"ಯಾರ ಮಗಳು ಅಂತ ಕೇಳಲಿಲ್ಲೇನ?"

"ಕೇಳಿದ್ರಪ್ಪಾ. ನಾಗಲಿಂಗ ಅಂದೆ. ಬರಕೊಂಡ್ರು. ಅಷ್ಟ ಸಾಕಾತು."

ನಾಗಲಿಂಗನ ಕಣ್ಣು ತುಂಬಿ ಬಂತು. ತನ್ನ ಹೆಸರಿಗೂ ಅಷ್ಟು ಬೆಲೆ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ.

ನೇಮಕದ ಆದೇಶ ಬಂದ ವಾರ ಶಿವಲಿಂಗವ್ವನವರನ್ನು ಊಟಕ್ಕೆ ಕರೆದರು. ಭರಮವ್ವ ಕರಿ ಕಂಬಳಿ ಝಾಡಿಸಿ ಹಾಸಿ, "ಕುಂದರ್ರಿ ಅಕ್ಕಾರ," ಎಂದಳು. ಶಿವಲಿಂಗವ್ವ ಕುಳಿತು, ಪಕ್ಕದಲ್ಲಿ ಜಾಗ ಬಿಟ್ಟು, ಪ್ರಮಿಳಾಳನ್ನೂ ಕೈಹಿಡಿದು ಕೂಡಿಸಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಪ್ರಮಿಳಾ ಓದುತ್ತಿರಬಹುದು. ಕೇಂದ್ರದ ನೌಕರಿಗೆ ಅರ್ಜಿ ಹಾಕುವ ದಿನವೇ ಪ್ರಕಟಣೆಯನ್ನು ಪೂರ್ತಿ ಓದಿರಿ. ಯಾವ ನಮೂನೆಯ ಪ್ರಮಾಣಪತ್ರ, ಯಾವ ತಾರೀಖಿನೊಳಗೆ ಎಂದು ನೋಡಿಕೊಳ್ಳಿರಿ. ತಿಳಿಯದಿದ್ದರೆ ನಾಡಕಚೇರಿಯಲ್ಲಿ ಕೇಳಿರಿ. ಅಸಲಿ ಕಾಗದವನ್ನು ಮಧ್ಯದವರ ಕೈಗೆ ಕೊಡಬೇಡಿರಿ. "ಅಲ್ಲಿ ನಿಮ್ಮವರು ಯಾರಿದ್ದಾರೆ?" ಎಂದು ಯಾರಾದರೂ ಕೇಳಿದರೆ, ನಮ್ಮ ಮಗಳೇ ಇದ್ದಾಳೆ ಎಂದು ಹೇಳಿರಿ.