ಸೂಜಿ ಹೊಸದು, ಬಟ್ಟಲು ಒಂದೇ

ನಮ್ಮದು ಜಾರ್ಜಿಯಾ ದೇಶದ ತಿಬಿಲಿಸಿ ಊರಿನ ಹಳೆಯ ವಠಾರ. ಸುತ್ತಲೂ ಮರದ ಜಗಲಿ, ನಡುವೆ ಅಂಗಳ, ಅಂಗಳಕ್ಕೊಂದು ನಲ್ಲಿ. ಮೇಲಿನ ಮನೆಯಲ್ಲಿ ಯಾರಾದರೂ ಸೀನಿದರೆ ಕೆಳಗಿನ ಮನೆಯವರು "ನೂರು ವರ್ಷ ಬಾಳು" ಎನ್ನುತ್ತಾರೆ. ಇಂಥ ಕಡೆ ಗುಟ್ಟು ಎಲ್ಲಿ ನಿಲ್ಲುತ್ತದೆ? ಅದಕ್ಕೇ ನಮ್ಮ ಬೀದಿಯ ಗಂಡಸರು ಎಚ್‌ಐವಿ ಪರೀಕ್ಷೆಯ ಮಾತೆತ್ತಿದರೆ ಸಾಕು, ಫುಟ್‌ಬಾಲ್ ಸುದ್ದಿಗೆ ಹಾರುತ್ತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಕಂಡರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ.

ಪಕ್ಕದ ಮನೆಯ ರಮಾಜ್ ಕಾರು ರಿಪೇರಿ ಮಾಡುವವನು. ಕೈಗುಣ ಒಳ್ಳೆಯದು, ಬಾಯಿ ಮಾತ್ರ ಜೋರು. ಪ್ರಾಯದಲ್ಲೇ ಸೂಜಿಯಿಂದ ಮಾದಕ ಮದ್ದು ಏರಿಸಿಕೊಳ್ಳುವ ಅಭ್ಯಾಸ ಹತ್ತಿತ್ತು, ಬಿಟ್ಟಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅವನ ಹೆಂಡತಿ ನಾತಿಯಾ ಬಸುರಿಯಾದಳು. ಬಹಳ ವರ್ಷ ಕಾದು ಆದ ಬಸಿರು. ನನಗಂತೂ ನನ್ನ ಮಗಳೇ ಬಸುರಿಯಾದಷ್ಟು ಸಂತೋಷ.

ಒಂದು ಭಾನುವಾರ ಮಧ್ಯಾಹ್ನ ನಾನು ಅವರ ಜಗಲಿಯಲ್ಲೇ ಕೂತು ಅಕ್ರೋಟು ಒಡೆಯುತ್ತಿದ್ದೆ. ಆಂಜೋರ್ ಬಂದ. ಇವನು ರಮಾಜ್‌ನ ಬಾಲ್ಯದ ಗೆಳೆಯ, ಒಂದು ಕಾಲಕ್ಕೆ ಅದೇ ಮದ್ದಿನ ಜೊತೆಗಾರ. ಈಗ ಚಟಕ್ಕೆ ಚಿಕಿತ್ಸೆ ಪಡೆಯುತ್ತ, ಒಂದು ಸಂಘದ ಪರವಾಗಿ ಹಳೆಯ ಗೆಳೆಯರ ಮನೆಗೆ ಹೊಸ ಸೂಜಿ, ಕಾಂಡೋಮ್, ಪರೀಕ್ಷೆಯ ಪೊಟ್ಟಣ ತಲುಪಿಸುತ್ತಾನೆ. ಚೀಲದಿಂದ ಹೆಸರು ವಿಳಾಸ ಇಲ್ಲದ ಎರಡು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

"ಇದೇನೋ?" ಎಂದ ರಮಾಜ್.

"ಎಚ್‌ಐವಿ ಪರೀಕ್ಷೆ. ಮನೇಲೇ ಮಾಡ್ಕೋಬಹುದು. ಆಸ್ಪತ್ರೆ ಬೇಡ, ಹೆಸರು ಬರೆಸೋದು ಬೇಡ."

"ಆಮೇಲೆ ಪೊಲೀಸರು ಬಂದು ಬಾಗಿಲು ಬಡೀತಾರೆ."

"ಪೊಟ್ಟಣಕ್ಕೇನು ನಿನ್ನ ಹೆಸರು ಗೊತ್ತಾ? ಫಲಿತಾಂಶ ನೋಡೋನು ನೀನೇ. ಹೇಳಬೇಕು ಅನ್ಸಿದ್ರೆ ಹೇಳು, ಇಲ್ದಿದ್ರೆ ಇಲ್ಲ."

ರಮಾಜ್ ನಕ್ಕ. "ಲೋ, ನನ್ನ ನೋಡು. ಇಂಜಿನ್ ಎತ್ತೋ ಮೈ ಇದು. ನಂಗೆ ಯಾವ ಕಾಯಿಲೆ?"

"ಎಚ್‌ಐವಿ ವರ್ಷಗಟ್ಟಲೆ ಸುಮ್ನೆ ಒಳಗೇ ಇರುತ್ತೆ ಮಾರಾಯ. ಮೈ ನೋಡಿ ಗೊತ್ತಾಗೋ ಹಾಗಿದ್ರೆ ಈ ಪೊಟ್ಟಣ ಯಾಕೆ?"

"ನಾನು ಇನ್ನೊಬ್ಬರ ಸೂಜಿ ಮುಟ್ಟಿದವನೇ ಅಲ್ಲ. ಯಾವಾಗ್ಲೂ ಔಷಧಿ ಅಂಗಡಿಯ ಹೊಸ ಸೂಜಿ. ಬೇಕಾದ್ರೆ ಯಾರನ್ನಾದ್ರೂ ಕೇಳು."

"ಸರಿ. ಮದ್ದು ಯಾವುದರಲ್ಲಿ ಕಲಸ್ತೀರಿ?"

"ಬಟ್ಟಲಲ್ಲಿ."

"ಒಬ್ಬೊಬ್ಬರಿಗೆ ಒಂದೊಂದಾ?"

ರಮಾಜ್‌ಗೆ ಅವಮಾನವಾದಂತಾಯಿತು. "ಎಲ್ಲರಿಗೂ ಒಂದೇ. ಬೇರೆ ಬೇರೆ ಬಟ್ಟಲಿಟ್ಕೊಂಡು ಕೂರೋಕೆ ನಾವೇನು ಪರದೇಶಿಗಳಾ?"

ನಮ್ಮ ಜನ ಹೀಗೇ. ಔತಣದಲ್ಲಿ ವೈನ್ ತುಂಬಿದ ಒಂದೇ ಕೊಂಬು ಕೈಯಿಂದ ಕೈಗೆ ಹೋಗುತ್ತದೆ, ಬೇಡ ಎಂದವನು ಮರ್ಯಾದೆ ಕಳೆದ ಹಾಗೆ. ಆ ಪ್ರೀತಿ ದೊಡ್ಡದು, ನಾನು ಬಯ್ಯುವುದಿಲ್ಲ. ಆದರೆ ಈ ಗಂಡಸರು ಅದೇ ಮರ್ಯಾದೆಯನ್ನು ಮದ್ದಿನ ಬಟ್ಟಲಿಗೂ ಹಚ್ಚಿಬಿಟ್ಟರಲ್ಲ, ಅದಕ್ಕೆ ಸಿಟ್ಟು ಬರುತ್ತದೆ.

ಆಂಜೋರ್ ಮೆಲ್ಲಗೆ ಹೇಳಿದ. "ನಿನ್ನ ಸೂಜಿ ಹೊಸದು. ಪಕ್ಕದವನದು ನಿನ್ನೆಯದಾಗಿದ್ರೆ? ಅವನು ಅದನ್ನ ಬಟ್ಟಲಿಗೆ ಅದ್ದಿದ್ರೆ ಕಣ್ಣಿಗೆ ಕಾಣದಷ್ಟು ರಕ್ತ ಇಳಿಯುತ್ತೆ. ಆಮೇಲೆ ನೀನು ಹೊಸ ಸೂಜೀಲಿ ಅದನ್ನೇ ಎಳ್ಕೋತೀಯ. ನೀರು, ಚಮಚ, ಸೋಸೋ ಹತ್ತಿ ಎಲ್ಲದಕ್ಕೂ ಇದೇ ಕಥೆ. ಅವರವರದು ಅವರವರಿಗೇ ಇರಬೇಕು."

ಒಳಗೆ ಬೀನ್ಸ್ ಬೇಯಿಸುತ್ತಿದ್ದ ನಾತಿಯಾ ಸೌಟು ಹಿಡಿದೇ ಹೊರಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಆಂಜೋರ್ ಅಣ್ಣ, ಅವನಿಗೆ ಬೇಡದಿದ್ರೆ ನಂಗೆ ಕೊಡಿ. ನನ್ನ ಹೊಟ್ಟೇಲಿ ಮಗು ಇದೆ."

"ಇಬ್ಬರಿಗೂ ತಂದಿದೀನಿ ತಂಗಿ."

ಹೆಂಡತಿಯೇ ಕೈ ಚಾಚಿದ ಮೇಲೆ ರಮಾಜ್ ಹಿಂದೆ ಸರಿಯುವುದು ಹೇಗೆ? ಧೈರ್ಯಕ್ಕೆಂದು ಕಪಾಟಿನ ದ್ರಾಕ್ಷಿ ಸಾರಾಯಿ ತೆಗೆದು ಒಂದು ಗುಟುಕು ಏರಿಸಿ "ಕೊಡೋ" ಎಂದ.

"ಈಗ ಆಗಲ್ಲ," ಎಂದ ಆಂಜೋರ್. "ಇದು ಒಸಡಿಂದ ಮಾಡೋ ಪರೀಕ್ಷೆ, ಬಾಯಿಗೆ ಏನಾದ್ರೂ ಹಾಕಿದ್ರೆ ಅರ್ಧ ಗಂಟೆ ಕಾಯಬೇಕು. ಕೂತ್ಕೋ."

"ಶೂರರು ಕೂತ್ಕೊಳ್ಳಿ," ಎಂದೆ ನಾನು. ಅಕ್ರೋಟಿನ ಬುಟ್ಟಿಯನ್ನೂ ಅವನ ಮುಂದೆ ತಳ್ಳಿದೆ. ಸುಮ್ಮನೆ ಒಡೆದುಕೊಟ್ಟ.

"ಬಾಯಿಂದ ಪರೀಕ್ಷೆ ಅಂದ್ರೆ ಎಂಜಲಿಂದ ಹರಡುತ್ತಾ?" ನಾತಿಯಾ ಕೇಳಿದಳು.

"ಇಲ್ಲ. ಒಂದೇ ತಟ್ಟೇಲಿ ಉಣ್ಣಿ, ಮುತ್ತು ಕೊಡಿ, ಏನೂ ಆಗಲ್ಲ. ಮೈ ಆ ವೈರಾಣು ಜೊತೆ ಹೋರಾಡಿದ್ರೆ ಅದರ ಗುರುತು ಒಸಡಿನಲ್ಲಿ ಸಿಗುತ್ತೆ, ಅಷ್ಟೇ."

ಅರ್ಧ ಗಂಟೆ ಕಳೆಯಿತು. ಮೇಲಿನ ಒಸಡಿಗೊಮ್ಮೆ, ಕೆಳಗಿನದಕ್ಕೊಮ್ಮೆ ಪೊಟ್ಟಣದ ಕಡ್ಡಿ ಸವರಿ, ಅದರ ಜೊತೆ ಬಂದ ದ್ರವದಲ್ಲಿ ನಿಲ್ಲಿಸಿದರು. ಆಂಜೋರ್ ಗಡಿಯಾರ ನೋಡುತ್ತ ಕೂತ. ಬೇಗ ನೋಡಿದರೂ ತಪ್ಪು, ತಡವಾಗಿ ನೋಡಿದರೂ ತಪ್ಪು, ಪೊಟ್ಟಣದ ಮೇಲೆ ಹೇಳಿದ ಹೊತ್ತಿಗೇ ನೋಡಬೇಕಂತೆ. ಒಂದು ಗೆರೆ ಬಂದರೆ ಸೋಂಕಿನ ಗುರುತಿಲ್ಲ, ಎರಡು ಬಂದರೆ ಇರಬಹುದು ಎಂದಿದ್ದ.

ನಾತಿಯಾಳದು ಒಂದು ಗೆರೆ. ರಮಾಜ್‌ನದು ಎರಡು. ಎರಡನೆಯದು ಬಹಳ ತೆಳು.

"ತೆಳ್ಳಗಿದೆ," ಎಂದ ರಮಾಜ್. ಅವನ ಜೋರು ದನಿ ಎಲ್ಲಿ ಹೋಯಿತೋ. "ಲೆಕ್ಕಕ್ಕಿಲ್ಲ ಅಲ್ವಾ?"

"ತೆಳ್ಳಗಿದ್ರೂ ಗೆರೆ ಗೆರೇನೆ. ಆದ್ರೆ ಇದೇ ಕೊನೆಯ ತೀರ್ಪಲ್ಲ. ನಾಳೆ ರಕ್ತ ಕೊಟ್ಟು ಖಚಿತ ಮಾಡ್ಕೊಳ್ಳೋಣ. ನಾನೂ ಬರ್ತೀನಿ."

ನಾತಿಯಾ ಸೌಟನ್ನು ಮೇಜಿಗೆ ಕುಕ್ಕಿದಳು. "ನಿನ್ನದೇ ಒಂದು ಬಟ್ಟಲು ತಗೊಳ್ಳೋಕೆ ಇಷ್ಟು ವರ್ಷದಲ್ಲಿ ನಿನ್ನ ಕೈಲಿ ಆಗ್ಲಿಲ್ವಾ?" ಎಂದು ಅತ್ತಳು. ಅತ್ತು ಮುಗಿಸಿ ಅವನ ಪಕ್ಕದಲ್ಲೇ ಕೂತಳು. "ನಾಳೆ ನಾನೂ ಬರ್ತೀನಿ."

ರಕ್ತಪರೀಕ್ಷೆಯಲ್ಲೂ ಎಚ್‌ಐವಿ ಇದೆ ಎಂದೇ ಬಂತು. ಔಷಧಿ ಪುಕ್ಕಟೆ, ದಿನಾ ತಪ್ಪಿಸುವಂತಿಲ್ಲ. ಅವನ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುವ ತನಕ ಕಾಂಡೋಮ್ ಬಳಸಿದರು. ಹಾಗೆ ಇಳಿದ ಮೇಲೆ ಕೂಡಿದರೂ ಹೆಂಡತಿಗೆ ಹರಡುವುದಿಲ್ಲ ಎಂದರು ಡಾಕ್ಟರು. ಹೊಸ ಸೋಂಕು ಪರೀಕ್ಷೆಯಲ್ಲಿ ಕಾಣಲು ಮೂರು ತಿಂಗಳವರೆಗೂ ಬೇಕಾಗಬಹುದು, ಆದ್ದರಿಂದ ಮೂರು ತಿಂಗಳ ಮೇಲೆ ನಾತಿಯಾಗೆ ಮತ್ತೆ ಪರೀಕ್ಷೆ ಮಾಡಿದರು. ಮತ್ತೆ ಒಂದೇ ಗೆರೆ. ರಮಾಜ್ ಮದ್ದು ಒಮ್ಮೆಲೇ ಬಿಟ್ಟ ಎಂದು ನಾನು ಸುಳ್ಳು ಹೇಳುವುದಿಲ್ಲ, ಚಟದ ಚಿಕಿತ್ಸೆಗೆ ಸೇರಿದ್ದಾನೆ. ಗೆಳೆಯರ ಹತ್ತಿರ ಹೋಗಿ "ಅವರವರ ಬಟ್ಟಲು ಅವರವರಿಗೆ, ಬೇಜಾರಾದ್ರೆ ನನ್ನ ಬಯ್ಕೊಳ್ಳಿ" ಎಂದು ಬಂದ. ಬೈದರಂತೆ. ಆಮೇಲೆ ಒಬ್ಬೊಬ್ಬರಾಗಿ ಆಂಜೋರ್‌ಗೆ ಫೋನು ಮಾಡಿ ಪೊಟ್ಟಣ ತರಿಸಿಕೊಂಡರು.

ಬೇಸಿಗೆ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು. ತಾಯಿಗೂ ಸೋಂಕಿಲ್ಲ, ಮಗುವಿಗೂ ಇಲ್ಲ. ಈಗ ಅದರ ಅಳುವಿಗೆ ವಠಾರದಲ್ಲಿ ಯಾರಿಗೂ ಬೆಳಗಿನ ನಿದ್ದೆಯಿಲ್ಲ, ಯಾರಿಗೂ ಅದರ ಬೇಸರವೂ ಇಲ್ಲ.

ಓದುವವರೇ, ನೀವು ಸೂಜಿ ಹಿಡಿಯುವವರಾಗಿರಿ, ಅಂಥವರ ಹೆಂಡತಿಯೋ ಅಣ್ಣನೋ ಗೆಳೆಯನೋ ಆಗಿರಿ, ಒಂದು ಮಾತು ಕೇಳಿ. ಪರೀಕ್ಷೆ ಮಾಡಿಕೊಂಡ ದಿನ ರಮಾಜ್‌ಗೆ ಎಚ್‌ಐವಿ ಬಂದದ್ದಲ್ಲ. ಅದು ಮೊದಲೇ ಬಂದು ಕೂತಿತ್ತು. ಆ ದಿನ ಬಂದದ್ದು ಔಷಧಿಯ ದಾರಿ, ಮಗುವಿಗೆ ಕಾವಲು. ಸೂಜಿ, ಮದ್ದಿನ ಬಟ್ಟಲು, ಚಮಚ, ನೀರು, ಹತ್ತಿ ಯಾವುದನ್ನೂ ಹಂಚಿಕೊಳ್ಳಬೇಡಿ. ನಿಮ್ಮೂರಿನಲ್ಲಿ ಈ ಪರೀಕ್ಷೆ ಎಲ್ಲಿ ಸಿಗುತ್ತದೆ ಎಂದು ಇವತ್ತೇ ವಿಚಾರಿಸಿ, ಈ ವಾರವೇ ಮಾಡಿಕೊಳ್ಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಿಮ್ಮ ಆಂಜೋರ್ ಯಾರೆಂದು ನೋಡಿ, ಅವನನ್ನು ಜೊತೆಗೆ ಕರೆದುಕೊಂಡು ಹೋಗಿ.